ಈ ವರ್ಷದ ರಂಜಕ

ಶಹಾಪುರ, ಇಚಲಕರಂಜಿ
೫ ಫೆಬ್ರುವರಿ ೨೦೨೫, ಬುಧವಾರ

ಚಿರಂಜೀವಿ ಸೌಭಾಗ್ಯವತಿ ಕಾಂಚನಳಿಗೆ,

ನಿನ್ನ ಅತ್ತೆ ಬಾಳಕ್ಕನ ಆಶೀರ್ವಾದಗಳು. ‘ಇತ್ತ ನಾವೆಲ್ಲ ಕ್ಷೇಮ’ ಎಂದು ಮುಂದಿನ ಸಾಲು ಬರೆಯುವುದು ರೂಢಿ. ಬರೆದರೆ ಸುಳ್ಳಾಗುತ್ತದೆ, ಮತ್ತು ಈ ಕಾಗದದಲ್ಲಿ ಒಂದೂ ಸುಳ್ಳು ಬರೆಯಬಾರದೆಂದು ಹಟ ಹಿಡಿದು ಕುಳಿತಿದ್ದೇನೆ. ಆದ್ದರಿಂದ ಇಷ್ಟೇ ಹೇಳುತ್ತೇನೆ: ನಿನ್ನ ಮಾವನವರ ಬಿ.ಪಿ. ಹತೋಟಿಯಲ್ಲಿದೆ, ಮಗ್ಗಗಳು ನಡೆದಿವೆ, ಹಿತ್ತಲಲ್ಲಿ ನೀನು ನೆಟ್ಟ ಕರಿಬೇವು ನನ್ನ ಎತ್ತರ ಆಗಿದೆ. ಉಳಿದದ್ದಕ್ಕೆ ಕ್ಷೇಮ ಎನ್ನಲಾರೆ.

ಕಾಗದ ಬರೆಯಲು ಒಂದು ವರ್ಷ ತಡವಾಯಿತು, ಸಿಟ್ಟಾಗಬೇಡ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀ. ಮೂರು ಸಲ ಮಾಡಿದೆ, ನಿನಗೆ ಗೊತ್ತಿದೆ. ನೀನು ‘ಅರಾಮ ಅದೀರೇನ್ರಿ ಅತ್ತಿ?’ ಎಂದು ಕೇಳಿದ ಕೂಡಲೇ ನಾನು ಗಡಹಿಂಗ್ಲಜದಲ್ಲಿ ಮಳೆ ಎಷ್ಟಾಯಿತು, ಮೆಣಸಿನಕಾಯಿ ಧಾರಣಿ ಎಷ್ಟು ಎಂದು ಕೇಳಿ ಇಟ್ಟುಬಿಟ್ಟೆ. ಬಾಯಿ ಇದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಎಂದು ನಿಮ್ಮಪ್ಪ ನನ್ನನ್ನು ಚಿಕ್ಕಂದಿನಿಂದ ಅಣಕಿಸುತ್ತಿದ್ದ. ಆ ಬಾಯಿಯೇ ಬೇಕಾದಾಗ ಕೈ ಕೊಟ್ಟಿತು. ಕಾಗದವಾದರೆ ಬಾಯಿಯ ಕೆಲಸವಿಲ್ಲ. ಅದೂ ಅಲ್ಲದೆ ಈ ಮನೆಯಲ್ಲಿ ಕನ್ನಡ ಓದುವವರು ನೀನು, ನಾನು ಇಬ್ಬರೇ. ನಾವಿಬ್ಬರೂ ಸಂಕೇಶ್ವರದ ಕನ್ನಡ ಶಾಲೆಗೆ ಬಸ್ಸಿನಲ್ಲಿ ಹೋಗಿ ಕಲಿತವರು. ನಿನ್ನ ಮಾವನವರದೂ ನನ್ನ ಮಗನದೂ ಮರಾಠಿ ಶಾಲೆ. ರೋಹನ ಮನೆಯಲ್ಲಿ ಕನ್ನಡ ಮಾತಾಡುತ್ತಾನೆಯೇ ಹೊರತು ಅಕ್ಷರ ಕಂಡರೆ ಜಿಲೇಬಿ ಎನ್ನುತ್ತಾನೆ. ಇಷ್ಟು ದಿನ ಅದಕ್ಕೆ ಬಯ್ಯುತ್ತಿದ್ದೆ. ಈಗ ಅಡುಗೆಮನೆಯಲ್ಲಿ ಎಲ್ಲರೆದುರಿಗೇ ಕುಳಿತು ಬರೆಯುತ್ತಿದ್ದೇನೆ, ಒಬ್ಬರೂ ಬಗ್ಗಿ ನೋಡುತ್ತಿಲ್ಲ.

ಡಿಸೆಂಬರಿನಲ್ಲಿ ನಿಮ್ಮೂರ ಅಲ್ಲಪ್ಪ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿ ಒಂದು ಚೀಲ ಇಳಿಸಿದ. ಹಸಿ ಕೆಂಪು ಮೆಣಸಿನಕಾಯಿ, ಸಂಕೇಶ್ವರಿ, ಬೆರಳುದ್ದ. ನಿಮ್ಮಪ್ಪ ಕಳಿಸಿದ್ದು. ಹೋದ ವರ್ಷದ ಮಾತಿನ ನಂತರ ಅಣ್ಣ ತನ್ನ ಅಡತಿ ಅಂಗಡಿಯಿಂದ ಈ ಮನೆಗೆ ಒಂದು ಕಾಯಿ ಸಹ ಕಳಿಸಲಿಕ್ಕಿಲ್ಲ ಎಂದುಕೊಂಡಿದ್ದೆ. ಕಳಿಸಿದ. ಚೀಟಿ ಇಲ್ಲ, ಮಾತಿಲ್ಲ. ನಾನು ಚೀಲದ ಬಾಯಿ ಬಿಚ್ಚಿ ಅಲ್ಲಿಯೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಅಲ್ಲಪ್ಪ ನೀರು ಕುಡಿಯುತ್ತ ನಿಂತಿದ್ದ. ನಿನ್ನ ಸುದ್ದಿ ಕೇಳಿದೆ. ಅವನು ಮೊದಲು ಎಲ್ಲಾ ಚಲೋ ಐತ್ರಿ ಎಂದ. ಬಿಡದೆ ಕೇಳಿದ ಮೇಲೆ ವೈನಿ, ನಿಮ್ಮವ್ವ, ಅವನ ಮುಂದೆ ಕಣ್ಣೀರು ಹಾಕಿದ್ದನ್ನು ಹೇಳಿದ. ನೀನು ಈಗ ಹಾಲಿಗೆ ಹೆಪ್ಪು ಸಹ ಹಾಕುವುದಿಲ್ಲವಂತೆ. ಉಪ್ಪಿನಕಾಯಿ ಬಡಿಸಲು ಹೇಳಿದರೆ ಚಮಚ ವೈನಿಯ ಕೈಗೇ ಕೊಡುತ್ತೀಯಂತೆ. ‘ನನ್ನ ಕೈ ತಾಗಿದ್ದೆಲ್ಲಾ ಕೆಡತೈತಿ’ ಎನ್ನುತ್ತೀಯಂತೆ.

ಆ ಮಾತು ಕೇಳಿದ ದಿನವೇ ಬರೆಯಬೇಕಾಗಿತ್ತು. ಬರೆಯಲಿಲ್ಲ. ಎರಡು ವಾರಕ್ಕೆ ನಿನ್ನ ವಕೀಲರ ಕಾಗದ ರೋಹನನ ಹೆಸರಿಗೆ ಬಂತು. ಇಬ್ಬರೂ ಒಪ್ಪಿ ಬೇರೆಯಾಗುವುದು, ಫೆಬ್ರುವರಿ ಹದಿನೇಳಕ್ಕೆ ಬಂದು ಸಹಿ ಮಾಡುವುದು. ರೋಹನ ಅದನ್ನು ಓದಿ ಟಿ.ವಿ. ಮೇಲೆ ಇಟ್ಟ. ನೀನು ಏನನ್ನೂ ಕೇಳಿಲ್ಲ, ಯಾರ ಮೇಲೂ ದೂರು ಬರೆದಿಲ್ಲ. ಅವನು ಬೇರೆ ಮದುವೆಯಾಗಿ ಸುಖವಾಗಿರಲಿ ಎಂದು ನೀನು ವಕೀಲರಿಗೆ ಹೇಳಿದ್ದನ್ನು ಅವರೇ ಇವನಿಗೆ ಫೋನಿನಲ್ಲಿ ಹೇಳಿದರು. ‘ಸೋಡಚಿಠ್ಠಿ ಅಂದ್ರ ಜಗಳಾ ಆದವ್ರು ತಗೋತಾರ. ನಮ್ಮದು ಜಗಳಾನ ಆಗಿಲ್ಲ’ ಎಂದ ರೋಹನ. ಅಷ್ಟು ಹೇಳಿ ಮಗ್ಗದ ಶೆಡ್ಡಿಗೆ ಹೋದ. ಈಗ ಅವನ ತಾಟಿನಲ್ಲಿ ಕೆಂಪು ಖಾರದ ರಂಜಕ ಇಲ್ಲ. ರೊಟ್ಟಿಗೆ ಮೊಸರು ಹಚ್ಚಿಕೊಂಡು ತಿಂದು ಏಳುತ್ತಾನೆ.

ಹದಿನೇಳಕ್ಕೆ ಇನ್ನು ಹನ್ನೆರಡು ದಿನ ಇವೆ. ನೀನು ಸಹಿ ಮಾಡುವುದಾದರೆ ಮಾಡು, ತಡೆಯುವ ಅಧಿಕಾರ ನನಗಿಲ್ಲ. ಆದರೆ ನಿನ್ನ ಕೈ ಕೆಟ್ಟ ಕೈ ಎಂದು ತಿಳಿದು ಸಹಿ ಮಾಡಬೇಡ. ಅದಕ್ಕಾಗಿಯೇ ಈ ಕಾಗದ.

ಈಗ ನನ್ನ ಮೂಗಿನ ಕಥೆ ಕೇಳು. ನಿನಗೆ ನಗು ಬಂದರೂ ಬರಬಹುದು.

ನಾನು ಈ ಗಲ್ಲಿಗೆ ಬಂದು ಮೂವತ್ತನಾಲ್ಕು ವರ್ಷ. ರೂಪಕ್ಕೆ ಹೆಸರಾದವಳಲ್ಲ, ನಮ್ಮ ಮನೆತನದ ರೂಪವೆಲ್ಲ ಒಂದು ತಲೆ ದಾಟಿ ನಿನಗೇ ಬಂದದ್ದು. ನನಗೆ ಹೆಸರು ಬಂದದ್ದು ಮೂಗಿನಿಂದ. ಸಂಕ್ರಾಂತಿ ಮುಂದೆ ಯಾರ ಮನೆಯಲ್ಲಿ ರಂಜಕ ಹಾಕಿದರೂ ಜಾಡಿ ಎತ್ತಿಕೊಂಡು ನನ್ನ ಹತ್ತಿರ ಬರುತ್ತಿದ್ದರು. ನಾನು ಬಟ್ಟೆ ಬಿಚ್ಚಿ ಒಂದು ಸಲ ಮೂಸಿದರೆ ಸಾಕು, ಇನ್ನೆರಡು ದಿನ ಬಿಡು, ಉಪ್ಪು ಕಡಿಮೆ ಬಿದ್ದಿದೆ, ನೀರಿನ ಕೈ ಹಾಕಿದ್ದೀ ಎಂದು ಹೇಳುತ್ತಿದ್ದೆ. ತಪ್ಪುತ್ತಿರಲಿಲ್ಲ. ಇದು ನಮ್ಮವ್ವ, ಅಂದರೆ ನಿನ್ನ ಅಜ್ಜಿ, ನನಗೆ ಕೊಟ್ಟ ವಿದ್ಯೆ. ಮೆಣಸಿನಕಾಯಿ ತೊಳೆದು ಒರೆಸಿ ನೆರಳಿಗೆ ಹರವುವುದು, ಉಪ್ಪು, ಬೆಳ್ಳುಳ್ಳಿ, ಹುರಿದ ಮೆಂತ್ಯದ ಪುಡಿ ಹಾಕಿ ಅರೆಯುವುದು, ಹೋದ ವರ್ಷದ ಜಾಡಿಯಿಂದ ಒಂದು ಚಮಚ ಹೆಪ್ಪು ಕೂಡಿಸುವುದು ಎಲ್ಲರೂ ಮಾಡುತ್ತಾರೆ. ನಾಲ್ಕನೆಯ ದಿನಕ್ಕೆ ಗುಳ್ಳೆ ಏಳುವುದು ಕಣ್ಣಿಗೆ ಕಾಣುತ್ತದೆ. ಆದರೆ ಹಸಿ ಖಾರದ ವಾಸನೆ ಹೋಗಿ ಹುಳಿ ವಾಸನೆ ಯಾವ ದಿನ ಬಂತು, ನಿಂಬೆಹುಳಿ ಯಾವ ದಿನ ಹಿಂಡಬೇಕು ಎಂಬುದು ಮೂಗಿನ ಕೆಲಸ. ನಮ್ಮವ್ವ ನನ್ನ ಮದುವೆಯಲ್ಲಿ ಬಂಗಾರ ಕಡಿಮೆ ಹಾಕಿದಳು, ಒಂದು ಜಾಡಿ ರಂಜಕ ಕೊಟ್ಟಳು. ಅದೇ ಹೆಪ್ಪು ಇಲ್ಲಿಯವರೆಗೆ ನಡೆದು ಬಂದಿತ್ತು. ನೀನು ಸೊಸೆಯಾಗಿ ಬಂದಾಗ ಅದೇ ಹೆಪ್ಪಿನ ಇನ್ನೊಂದು ಜಾಡಿ ತಂದೆ. ಎರಡನ್ನೂ ಕೂಡಿಸಿ ನಾನು ಊರಿಗೆಲ್ಲ ಹಂಚಿದ್ದೆ, ನೆನಪಿದೆಯೇ?

ಎರಡನೆಯ ಕೊರೊನಾದಲ್ಲಿ, ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳು, ನನಗೆ ಜ್ವರ ಬಂದು ಹೋಯಿತು. ಎಲ್ಲರಿಗೂ ವಾಸನೆ ಹೋಗಿ ತಿಂಗಳಿಗೆ ಮರಳಿ ಬಂತು. ನನ್ನದು ಬರಲಿಲ್ಲ ಕಾಂಚನಾ. ಇವತ್ತಿಗೂ ಬಂದಿಲ್ಲ. ಮೂಗು ಇರುವತನಕ ನೆಗಡಿ ತಪ್ಪದು ಎನ್ನುತ್ತಾರೆ. ನನಗೆ ಮೂಗಿದೆ, ನೆಗಡಿಯೂ ಬರುತ್ತದೆ, ವಾಸನೆ ಮಾತ್ರ ಇಲ್ಲ. ಹಾಲು ಹೊತ್ತಿದರೆ ತಿಳಿಯುವುದಿಲ್ಲ, ಊದುಬತ್ತಿ ತಿಳಿಯುವುದಿಲ್ಲ. ನಾಲಿಗೆಗೆ ಉಪ್ಪು, ಹುಳಿ, ಖಾರ ತಾಗುತ್ತವೆ, ಆದರೆ ಖಾರದ ಅಡಿಯಲ್ಲಿ ಕೊಳೆತದ್ದು ಅಡಗಿದ್ದರೆ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ನಿನ್ನ ಮಾವನವರಿಗೂ ಹೇಳಲಿಲ್ಲ. ಗಲ್ಲಿಯ ಹೆಂಗಸರು ಜಾಡಿ ಎತ್ತಿಕೊಂಡು ಬರುವುದು ನಿಂತರೆ ನಾನು ಬರೀ ರಾವಸಾಹೇಬರ ಹೆಂಡತಿಯಾಗಿ ಉಳಿಯುತ್ತೇನೆ ಎಂದು ಭಯವಾಯಿತು. ಆಮೇಲೆ ಒಂದು ಉಪಾಯ ಹೊಳೆಯಿತು. ‘ಬಾ, ಮೂಸಿ ನೋಡಿ ಹೇಳ, ಹೆಂಗೈತಿ. ನೀ ಕಲೀಬೇಕಲ್ಲಾ’ ಎಂದು ನಿನ್ನನ್ನು ಕರೆಯತೊಡಗಿದೆ. ನೀನು ಪಾಪ, ಅತ್ತೆ ತನ್ನ ವಿದ್ಯೆ ನನಗೆ ಕೊಡುತ್ತಿದ್ದಾಳೆ ಎಂದು ಕಣ್ಣು ಮುಚ್ಚಿ ಮೂಸುತ್ತಿದ್ದೆ. ‘ಹಸೀ ವಾಸನಿ ಇನ್ನೂ ಐತ್ರಿ ಅತ್ತಿ’ ಎನ್ನುತ್ತಿದ್ದೆ. ಹೌದು ನೋಡು, ನಿನಗೂ ತಿಳಿಯಿತಲ್ಲ ಎಂದು ನಾನು ತಲೆಯಾಡಿಸುತ್ತಿದ್ದೆ. ಎರಡು ವರ್ಷ ಈ ಗಲ್ಲಿಯ ಜಾಡಿಗಳನ್ನೆಲ್ಲ ಮೂಸಿದ್ದು ನೀನು. ಹೆಸರು ನನ್ನದು.

ಮೂರನೆಯ ವರ್ಷ, ಅಂದರೆ ಎರಡು ಸಾವಿರದ ಇಪ್ಪತ್ಮೂರರ ಡಿಸೆಂಬರಿನಲ್ಲಿ, ನೀನು ಜಾಡಿಯ ಹತ್ತಿರ ಬರಲು ಹಿಂದೆಮುಂದೆ ನೋಡತೊಡಗಿದೆ. ಸೆರಗು ಮೂಗಿಗೆ ಹಿಡಿಯುತ್ತಿದ್ದೆ. ಹೆಪ್ಪು ಹಾಕುವ ದಿನ ನಾನು ಹಳೆಯ ಜಾಡಿ ಬಿಚ್ಚಿದಾಗ ನೀನು ಎರಡು ಹೆಜ್ಜೆ ಹಿಂದೆ ಸರಿದು, ‘ಅತ್ತಿ, ಇದು ನಾರಾಕತ್ತೈತ್ರಿ. ಇದನ್ನ ಹಾಕಬ್ಯಾಡ್ರಿ’ ಎಂದೆ. ನಾನು ಜಾಡಿಯಲ್ಲಿ ಮುಖ ಇಟ್ಟು ಉದ್ದಕ್ಕೆ ಉಸಿರು ಎಳೆದೆ. ಎಳೆದರೆ ಏನು ಬಂತು? ಗಾಳಿ ಬಂತು. ಆದರೂ ನಿನಗೆ ಹೇಳಿದೆ, ‘ಇದಕ್ಕೇನಾಗೈತಿ? ನಿನ್ನ ಮೂಗ ಕೆಟ್ಟೈತಿ.’ ನೀನು ನನ್ನ ಮೂಗನ್ನು ನಂಬಿ ನಿನ್ನ ಮೂಗನ್ನು ಬಿಟ್ಟೆ. ನಾನು ಒಂದು ಚಮಚ ಎತ್ತಿ ಹೊಸ ಜಾಡಿಗೆ ಹಾಕಿದೆ. ದಿನಾ ಬೆಳಿಗ್ಗೆ ಒಣ ಹುಟ್ಟಿನಿಂದ ಕೈಯಾಡಿಸು ಎಂದೆ. ನೀನು ಉಸಿರು ಬಿಗಿಹಿಡಿದು ದಿನಾ ಆಡಿಸಿದೆ.

ಆ ಶುಕ್ರವಾರ ನಿನಗೆ ನನಗಿಂತ ಚೆನ್ನಾಗಿ ನೆನಪಿದೆ. ನಾನು ಮಾತ್ರ ನನ್ನ ಕಡೆಯಿಂದ ಕಂಡದ್ದನ್ನು ಹೇಳಬೇಕು. ಸಂಕ್ರಾಂತಿಯ ಹಳದಿ-ಕುಂಕುಮ, ಇಪ್ಪತ್ತು ಹೆಂಗಸರು. ಬೇರೆಯವರು ವಾಣವೆಂದು ಸ್ಟೀಲಿನ ಬಟ್ಟಲು, ಬಾಚಣಿಕೆ ಕೊಡುತ್ತಾರೆ, ನಾನು ಒಂದೊಂದು ಸಣ್ಣ ಬಾಟಲಿ ಹೊಸ ರಂಜಕ ಕೊಡುವವಳು. ಎಲ್ಲರೆದುರಿಗೆ ಜಾಡಿಯ ಬಟ್ಟೆ ಬಿಚ್ಚಿ, ನಗುನಗುತ್ತ ಮೊದಲ ಬಾಟಲಿ ತುಂಬಿದೆ. ಎರಡನೆಯದು ತುಂಬುವಾಗ ಕೋಣೆಯಲ್ಲಿ ಮಾತು ನಿಂತದ್ದು ತಿಳಿಯಿತು. ತಲೆ ಎತ್ತಿದರೆ ಎಲ್ಲರ ಸೆರಗೂ ಮೂಗಿನ ಮೇಲೆ. ನಾನೊಬ್ಬಳೇ ಚಮಚ ಹಿಡಿದು ನಗುತ್ತಿದ್ದೆ. ಕುರುಂದವಾಡದಿಂದ ಬಂದ ಹೀರಾಬಾಯಿ, ನನ್ನ ನಾದಿನಿ, ಮೊದಲು ಬಾಯಿ ತೆರೆದಳು. ‘ಯಾರೋ ಮುಟ್ಟಾದಾಕಿ ಕೈ ಹಾಕ್ಯಾಳ ನೋಡ ಇದರಾಗ’ ಎಂದಳು.

ನಮ್ಮಪ್ಪ, ನಿನ್ನ ಅಜ್ಜ, ಲಿಂಗ ಕಟ್ಟಿದವರಿಗೆ ಮುಟ್ಟು-ಮೈಲಿಗೆ ಇಲ್ಲವೆಂದು ಮನೆಯಲ್ಲಿ ಗದರುತ್ತಿದ್ದ. ಪೂಜೆಗೆ, ಒಲೆಗೆ ಆ ಮಾತು ನಡೆಯಿತು. ಖಾರದ ಜಾಡಿಯ ಹತ್ತಿರ ಬಂದಾಗ ಮಾತ್ರ ನಮ್ಮವ್ವ ಗಂಡನ ಮಾತು ಬಿಟ್ಟು ತನ್ನ ಅತ್ತೆಯ ಮಾತು ಹಿಡಿದಳು. ನಾನೂ ಅದನ್ನೇ ಹಿಡಿದೆ. ಆ ದಿನ ಅದು ನನ್ನ ಕೈಗೆ ಸಿಕ್ಕಿತು. ‘ಸೊಸಿ ಇದ್ದ ಮನ್ಯಾಗ ಬ್ಯಾರೆ ಯಾರ ಕೈ ಬರ್ತಾವ?’ ಎಂದುಬಿಟ್ಟೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದರೆ ಇದೇ ಇರಬೇಕು. ನೀನು ಕುಂಕುಮದ ತಾಟು ಹಿಡಿದು ನಿಂತಿದ್ದೆ. ‘ನಾ ಹಂಗ ಮಾಡಿಲ್ರಿ ಅತ್ತಿ’ ಎಂದು ಒಂದೇ ಸಲ ಹೇಳಿದೆ. ಆಮೇಲೆ ಉಳಿದವರಿಗೆ ಕುಂಕುಮ ಹಚ್ಚುತ್ತ ಹೋದೆ. ಇಬ್ಬರು ಹಣೆ ಹಿಂದೆ ತೆಗೆದುಕೊಂಡದ್ದನ್ನು ನಾನು ನೋಡಿದೆ.

ಹನ್ನೆರಡು ದಿನಕ್ಕೆ ನಿನ್ನನ್ನು ಕೊಲ್ಹಾಪುರಕ್ಕೆ ಕರೆದುಕೊಂಡು ಓಡಿದೆವು. ಕೂಸು ಉಳಿಯಲಿಲ್ಲ. ಡಾಕ್ಟರಬಾಯಿ ಎಷ್ಟು ಸಲ ಹೇಳಿದರು, ಇದು ಯಾರ ತಪ್ಪೂ ಅಲ್ಲ, ಯಾರು ಏನು ಮಾಡಿದ್ದರೂ ಇದು ಹೀಗೇ ಆಗುತ್ತಿತ್ತು ಎಂದು. ನಾನು ನಿನ್ನ ಮಂಚದ ಹತ್ತಿರ ಕುಳಿತು, ‘ನನಗ ಒಂದ ಮಾತ ಹೇಳಬಾರದಿತ್ತೇನ, ನಾ ಬಸುರಿ ಅದೀನಿ ಅಂತ?’ ಎಂದು ಅತ್ತುಬಿಟ್ಟೆ. ನೀನು ನನ್ನ ಕೈ ಹಿಡಿದು ‘ತಪ್ಪಾತ್ರಿ ಅತ್ತಿ’ ಎಂದೆ. ಹೊರಗೆ ವರಾಂಡದಲ್ಲಿ ಹೀರಾಬಾಯಿ ಯಾರಿಗೋ, ‘ಜಾಡಿ ಮೊದ್ಲ ಹೇಳಿತ್ತು. ಅಕಿ ಕೈಯಾಗ ಏನೂ ಉಳಿಯೂದಿಲ್ಲ’ ಎಂದು ಹೇಳುತ್ತಿದ್ದಳು. ಪರದೆಯ ಆಚೆ ನಿನಗೆ ಕೇಳಿಸಿತು. ನನಗೂ ಕೇಳಿಸಿತು. ನಾನು ಊಟದ ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ. ಹಾಕುತ್ತಲೇ ಇದ್ದೆ. ಅಲ್ಲಿಂದ ನೀನು ಇಲ್ಲಿಗೆ ಬರಲಿಲ್ಲ, ಅಣ್ಣ ನಿನ್ನನ್ನು ನೇರ ಗಡಹಿಂಗ್ಲಜಕ್ಕೆ ಕರೆದುಕೊಂಡು ಹೋದ.

ನಾನು ಆ ಜಾಡಿ ಚೆಲ್ಲಿ, ತೊಳೆದು, ಬೋರಲು ಹಾಕಿದೆ. ನಮ್ಮವ್ವನ ಹೆಪ್ಪು ಈ ಮನೆಯಲ್ಲಿ ಅಲ್ಲಿಗೆ ಮುಗಿಯಿತು. ಗಲ್ಲಿಯಲ್ಲಿ ಮಾತ್ರ ನನ್ನ ಹೆಸರು ಹಾಗೇ ನಿಂತಿತು, ಬಾಳಕ್ಕನ ಸೊಸೆಯ ಕೈ ಕೆಟ್ಟದ್ದು, ಬಾಳಕ್ಕನ ಮೂಗಲ್ಲ ಎಂದು.

ಅದು ಮೊನ್ನೆ ಜನವರಿಯಲ್ಲಿ ಮುಗಿಯಿತು. ನಮ್ಮ ಮಗ್ಗ ನಡೆಸುವ ಯಲಗೂರಪ್ಪನ ಹೆಂಡತಿ ದುರ್ಗವ್ವ ತನ್ನ ಜಾಡಿ ತಂದಳು. ನೀನಿಲ್ಲ. ನಾನು ಬಟ್ಟೆ ಬಿಚ್ಚಿ, ಮೂಸಿದಂತೆ ಮಾಡಿ, ಚಲೋ ಆಗೈತಿ, ನಾಳೆ ನಿಂಬೆಹುಳಿ ಹಿಂಡು ಎಂದೆ. ಮರುದಿನ ಬಂದಳು. ಜಗಳಕ್ಕೆ ಬರಲಿಲ್ಲ. ಬಾಗಿಲಲ್ಲಿ ನಿಂತು, ‘ಅಕ್ಕಾರ, ತಳದಾಗ ಹುಳಾ ಆಗಿದ್ವುರಿ. ಬಟ್ಟಿ ಬಿಚ್ಚಿದ ಕೂಡ್ಲೇ ನಮ್ಮ ಮನಿಯವ್ರು ಹೊರಗ ಹ್ವಾದ್ರು. ನಿಮಗ ನಿನ್ನೆ ವಾಸನಿ ಬರಲಿಲ್ಲೇನ್ರಿ?’ ಎಂದಳು. ನಾನು ಬರಲಿಲ್ಲ ಎಂದೆ. ನಾಲ್ಕು ವರ್ಷದಲ್ಲಿ ಮೊದಲ ಸಲ. ಅವಳು ನನ್ನ ಮುಖ ನೋಡಿದಳು. ‘ಹಂಗಾರ ಹ್ವಾದ ವರ್ಷ...’ ಎಂದಳು. ಮುಂದೆ ಹೇಳಲಿಲ್ಲ. ಹೇಳಿದ್ದರೆ ಬಯ್ದು ಕಳಿಸುತ್ತಿದ್ದೆನೇನೋ, ನನ್ನ ಗುಣ ನಿನಗೆ ಗೊತ್ತು. ಅವಳು ಹೇಳದೆ ಹೋದದ್ದರಿಂದ ಆ ಮಾತು ನನ್ನ ಹತ್ತಿರವೇ ಉಳಿಯಿತು.

ಆ ರಾತ್ರಿ ಊಟಕ್ಕೆ ಕುಳಿತಾಗ ರೋಹನನಿಗೆ ಎಲ್ಲ ಹೇಳಿದೆ, ಮೂಗಿನದು, ಹೆಪ್ಪಿನದು, ನೀನು ಬೇಡವೆಂದದ್ದು. ಅವನು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಕೈ ತೊಳೆದ. ಕೂಗಾಡುತ್ತಾನೆ ಎಂದು ಕಾದೆ. ‘ನನಗ ಹೇಳಿ ಏನ್ ಉಪೇಗ, ಆಯಿ? ಅಕಿಗೆ ಹೇಳ. ಮಂದೀಗೂ ಹೇಳ. ಮಂದಿ ಮುಂದ ಅಂದೀಯಲ್ಲಾ’ ಎಂದ. ನಿನ್ನ ಮಾವನವರು ಈಗಲೂ ನನ್ನ ಕೂಡ ಮಾತು ಕಡಿಮೆ ಮಾಡಿದ್ದಾರೆ.

ಅದಕ್ಕೇ ನಿನ್ನೆ ರಥಸಪ್ತಮಿಗೆ ಅದೇ ಹೆಂಗಸರನ್ನು ಹಳದಿ-ಕುಂಕುಮಕ್ಕೆ ಕರೆದೆ. ಹೀರಾಬಾಯಿಗೂ ಫೋನು ಮಾಡಿ ಬರಲೇಬೇಕು ಎಂದೆ. ಕುಂಕುಮ ಹಚ್ಚಿ, ಎಳ್ಳುಬೆಲ್ಲ ಕೊಟ್ಟು, ನಡುವೆ ನಿಂತು ಹೇಳಿದೆ, ನನ್ನ ಸೊಸೆಯ ಕೈ ಕೆಟ್ಟಿದ್ದಲ್ಲ, ನಾನು ಕೆಟ್ಟ ಹೆಪ್ಪು ಹಾಕಿದ್ದೆ, ಅವಳು ಬೇಡವೆಂದಿದ್ದಳು, ನನಗೆ ನಾಲ್ಕು ವರ್ಷದಿಂದ ವಾಸನೆ ತಿಳಿಯುವುದಿಲ್ಲ ಎಂದು. ಹೀರಾಬಾಯಿ ‘ಹೋಗ್ಲಿ ಬಿಡ ವೈನಿ, ಆಗಿದ್ದ ಆತು’ ಎಂದಳು. ಯಾರೋ ಒಬ್ಬಳು ಹಾಗಾದರೆ ಇನ್ನು ಮುಂದೆ ನಮ್ಮ ಜಾಡಿ ಯಾರ ಹತ್ತಿರ ಒಯ್ಯಬೇಕು ಎಂದು ಕೇಳಿದಳು. ಅಷ್ಟೇ. ಮೊಸಂಬಿ ಧಾರಣಿ, ಮದುವೆ ಮುಹೂರ್ತ ಎಂದು ಬೇರೆ ಮಾತಿಗೆ ಹೋದರು. ಅವರು ಇಷ್ಟು ಬೇಗ ಬಿಟ್ಟದ್ದು ನನಗೆ ಸೇರಲಿಲ್ಲ. ನಿನ್ನ ಮೇಲೆ ಹಾಕಿದ ಮಾತನ್ನು ಒಂದು ವರ್ಷ ಹೊತ್ತು ತಿರುಗಿದವರು, ನಾನು ನನ್ನ ಮೇಲೆ ಹಾಕಿಕೊಂಡಾಗ ಐದು ನಿಮಿಷವೂ ಹೊರಲಿಲ್ಲ. ದುರ್ಗವ್ವ ಮಾತ್ರ ಹೋಗುವಾಗ ನಿನ್ನ ಹೆಸರು ಹೇಳಿ, ‘ಅವರಿಗೆ ತಿಳಿಸ್ರಿ ಅಕ್ಕಾರ’ ಎಂದಳು.

ನಿಮ್ಮಪ್ಪ ಕಳಿಸಿದ ಮೆಣಸಿನಕಾಯಿಯ ಮಾತು ಹೇಳಿ ಮುಗಿಸುತ್ತೇನೆ. ಅದನ್ನು ನಾನೊಬ್ಬಳೇ ತೊಟ್ಟು ಬಿಡಿಸಿ ಅರೆದು ಜಾಡಿಗೆ ತುಂಬಿದೆ. ಹಳೆಯ ಹೆಪ್ಪು ಇರಲಿಲ್ಲ, ಉಪ್ಪನ್ನಷ್ಟೇ ನಂಬಿದೆ. ನಾಲ್ಕನೆಯ ದಿನ ಏನೂ ಆಗಲಿಲ್ಲ. ಆರನೆಯ ದಿನ ಒಂದೆರಡು ಗುಳ್ಳೆ ಎದ್ದವು, ಆಮೇಲೆ ಮೈತುಂಬ ಎದ್ದವು. ನಿಂಬೆಹುಳಿ ಯಾವಾಗ ಹಿಂಡಬೇಕೆಂದು ತಿಳಿಯದೆ ಹತ್ತನೆಯ ದಿನ ಅಂದಾಜಿನಿಂದ ಹಿಂಡಿದೆ. ಬಣ್ಣ ಕೆಂಪಗಿದೆ. ಮನೆಯವರಿಗೆ ಮೂಸಿ ಎಂದು ಕೊಡಲಿಲ್ಲ. ಒಂದು ಸಣ್ಣ ಜಾಡಿ ಈ ಕಾಗದದ ಜೊತೆ ಅಲ್ಲಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ.

ಅಣ್ಣನಿಗೂ ವೈನಿಗೂ ನನ್ನ ಶರಣು ಹೇಳು. ಅಣ್ಣನಿಗೆ ಈ ಕಾಗದ ಓದಿ ತೋರಿಸು, ಮುಚ್ಚಿಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಹಾಲಿಗೆ ಹೆಪ್ಪು ನೀನೇ ಹಾಕು. ಬಸವಣ್ಣ ನಿನ್ನ ಕೈಗೆ ಬಲ ಕೊಡಲಿ, ಆಯುಷ್ಯ ಕೊಡಲಿ.

ಇಂತು ನಿನ್ನ ಅತ್ತೆ,
ಬಾಳಕ್ಕ

ತಾ.ಕ.: ಕಾಗದ ಮಡಚಿ ಕವರಿಗೆ ಹಾಕಿದ್ದೆ. ಅಲ್ಲಪ್ಪ ನಾಳೆ ಬೆಳಿಗ್ಗೆ ಬರುತ್ತಾನೆ. ಸುಳ್ಳು ಬರೆಯುವುದಿಲ್ಲ ಎಂದು ಮೇಲೆ ಹೇಳಿ, ಒಂದನ್ನು ಹಾಗೆಯೇ ಬಿಟ್ಟಿದ್ದೇನೆ. ಅದಕ್ಕೇ ಮತ್ತೆ ಬಿಚ್ಚಿದೆ.

ಕೊಲ್ಹಾಪುರದಲ್ಲಿ ‘ನನಗ ಒಂದ ಮಾತ ಹೇಳಬಾರದಿತ್ತೇನ’ ಎಂದು ಅತ್ತೆನಲ್ಲ, ಅದು ಸುಳ್ಳು. ನನಗೆ ಗೊತ್ತಿತ್ತು. ಬಚ್ಚಲಮನೆಯ ಹಲಗೆಯ ಮೇಲಿದ್ದ ನಿನ್ನ ಪ್ಯಾಡಿನ ಪ್ಯಾಕೆಟ್ಟು ಎರಡು ತಿಂಗಳಿಂದ ಒಡೆದಿರಲಿಲ್ಲ. ನೀನು ಸೆರಗು ಮೂಗಿಗೆ ಹಿಡಿದದ್ದು ಯಾಕೆಂದು, ಮಕ್ಕಳನ್ನು ಹಡೆದವಳಿಗೆ ಯಾರಾದರೂ ಹೇಳಬೇಕೇ? ಹಬ್ಬಕ್ಕೆ ಮೊದಲೇ ನಾನು ಹಳೆಯ ಮೆತ್ತನೆಯ ಸೀರೆ ತೆಗೆದು, ನೀನು ಮಧ್ಯಾಹ್ನ ಮಲಗಿದಾಗ ಕೂಸಿನ ಕೌದಿ ಹೊಲಿಯುತ್ತಿದ್ದೆ. ಎರಡು ಗೇಣು ಹೊಲಿದಿದ್ದೆ. ಅದು ಈಗಲೂ ಟ್ರಂಕಿನಲ್ಲಿದೆ, ಸೂಜಿ ಚುಚ್ಚಿದಂತೆಯೇ ಇದೆ.

ಅದಕ್ಕೂ ಹಿಂದೆ ನಿನ್ನ ಮೊದಲನೆಯ ಬಸಿರು ಹೋದಾಗ ನಿನಗೆ ನಾನೇ ಹೇಳಿದ್ದೆ, ‘ಮುಂದ ಮೂರ ತಿಂಗಳ ತುಂಬೂತನಕಾ ಯಾರ ಮುಂದನೂ ಬಾಯಿ ಬಿಡಬ್ಯಾಡ, ನನ್ನ ಮುಂದೂ ಬ್ಯಾಡ’ ಎಂದು. ನೀನು ನನ್ನ ಮಾತು ನಡೆಸುತ್ತಿದ್ದೆ. ಮೂರು ತುಂಬಲು ಇನ್ನೂ ಹದಿನೈದು ದಿನ ಇತ್ತು. ಆ ಶುಕ್ರವಾರ ಇಪ್ಪತ್ತು ಹೆಂಗಸರ ಮುಂದೆ ‘ನನಗ ಮುಟ್ಟ ಎಲ್ಲಿ ಬರ್ತೈತ್ರಿ, ನಾ ಬಸುರಿ ಅದೀನಿ’ ಎಂದು ನೀನು ಒಂದು ಮಾತು ಹೇಳಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ನೀನು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ, ಕಾಂಚನಾ. ನನ್ನ ಹೊಟ್ಟೆಯಲ್ಲಿ ಆ ಕೂಸಿನ ಮೇಲೆ ಅಷ್ಟು ಆಸೆ ಇದ್ದೂ ಅಂದೆ.

ಇದನ್ನು ರೋಹನನಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ತಿಳಿಯಬೇಕೆಂದು ಬಿಟ್ಟಿದ್ದೇನೆ. ಅಲ್ಲಪ್ಪನ ಟೆಂಪೋ ಹೋದ ಮೇಲೆ ಅವನಿಗೂ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ದವಾಖಾನೆಯಲ್ಲಿ ನೀನು ನನ್ನ ಕೈ ಹಿಡಿದು ‘ತಪ್ಪಾತ್ರಿ’ ಎಂದ ಮೇಲೆ ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಜಾಡಿಯ ಬಟ್ಟೆ ವೈನಿಯ ಕೈಗೆ ಕೊಡಬೇಡ, ನೀನೇ ಬಿಚ್ಚು. ರಂಜಕ ಹೇಗಾಗಿದೆ ಎಂದು ನನಗೆ ಗೊತ್ತಿಲ್ಲ. ಮೂಸಿ ನೋಡಿ ಹೇಳು. ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಹೇಳು. ಈ ಸಲ ನಿನ್ನ ಮಾತು ನಂಬುತ್ತೇನೆ.